ಉಂಬಳಿಯೂ ಉದ್ಯೋಗವೂ

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಸಾಲ ಕೊಟ್ಟು ಕೆಟ್ಟವರಿಗೆ ಸಾಮಾನ್ಯವಾಗಿ ಅನ್ವಯಿಸುವ ಮಾತು ಅದು. ಆದರೆ ನಮ್ಮ ದೇಶದ ನ್ಯಾಯಾಲಯಗಳ ಮುಂದೆ ಈ ಗಾದೆಯನ್ನು ನೆನಪಿಗೆ ತರುವ ಇನ್ನೊಂದು ಬಗೆಯ ವ್ಯಾಜ್ಯ ಮತ್ತೆ ಮತ್ತೆ ಬರುತ್ತದೆ. ಅದರ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ:

ಊರಿಗೆ ಶಾಲೆಯೋ ಆಸ್ಪತ್ರೆಯೋ ಮಂಜೂರಾಗಿದೆ, ಕಟ್ಟಲು ನೆಲವಿಲ್ಲ. ರೈತನೊಬ್ಬನು ರಸ್ತೆಯ ಪಕ್ಕದಲ್ಲಿರುವ ತನ್ನ ಒಂದೆಕರೆಯನ್ನು ಬಿಟ್ಟುಕೊಡುತ್ತಾನೆ. ಕಾಗದದಲ್ಲಿ ಅದು ದಾನ. ಬಾಯಿಮಾತಿನಲ್ಲಿ ಮಾತ್ರ, ‘ನಿಮ್ಮ ಮನೆಯ ಒಬ್ಬ ಹುಡುಗನಿಗೆ ಅಲ್ಲಿಯೇ ಜವಾನನ ಕೆಲಸ ಕೊಡಿಸೋಣ’ ಎಂಬ ಭರವಸೆ. ಕಟ್ಟಡ ಏಳುತ್ತದೆ. ಮಾತು ಕೊಟ್ಟ ಅಧಿಕಾರಿಗೆ ವರ್ಗವಾಗುತ್ತದೆ. ಹೊಸದಾಗಿ ಬಂದವರು, ‘ಆದೇಶ ಎಲ್ಲಿದೆ?’ ಎಂದು ಕೇಳುತ್ತಾರೆ. ಅಥವಾ ಹುಡುಗನಿಗೆ ಕೆಲಸ ಸಿಕ್ಕಿಯೇ ಬಿಡುತ್ತದೆ. ಕೆಲವು ವರ್ಷಗಳ ಮೇಲೆ ಅದೇ ಊರಿನ ಮತ್ತೊಬ್ಬನು, ‘ಅರ್ಜಿ ಕರೆಯದೆ ಈ ಹುದ್ದೆಯನ್ನು ಇವನಿಗೇ ಕೊಟ್ಟದ್ದು ಹೇಗೆ?’ ಎಂದು ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾನೆ.

ಇಬ್ಬರ ಮಾತನ್ನೂ ಕೇಳಿ ನೋಡಿ. ಭೂಮಿ ಕೊಟ್ಟವನು, ‘ನನ್ನ ಅನ್ನದ ನೆಲ ಹೋಯಿತು, ಕೊಟ್ಟ ಮಾತು ಉಳಿಸಿಕೊಳ್ಳಿ’ ಎನ್ನುತ್ತಾನೆ. ಮತ್ತೊಬ್ಬನು, ‘ಕೊಡಲು ನನ್ನ ಬಳಿ ಭೂಮಿಯೇ ಇಲ್ಲ; ಹಾಗೆಂದು ಸರ್ಕಾರಿ ಕೆಲಸಕ್ಕೆ ನಾನು ಅರ್ಹನಲ್ಲವೇ?’ ಎನ್ನುತ್ತಾನೆ. ಎರಡೂ ನ್ಯಾಯವಾದ ಮಾತುಗಳೇ. ಎರಡು ನ್ಯಾಯಗಳು ಹೀಗೆ ಎದುರುಬದುರಾಗಿ ನಿಂತದ್ದಾದರೂ ಏಕೆ? ಇದನ್ನು ತಿಳಿಯಬೇಕಾದರೆ ನಮ್ಮ ನಾಡಿನಲ್ಲಿ ಭೂಮಿಗೂ ಹುದ್ದೆಗೂ ಇದ್ದ ಹಳೆಯ ನಂಟನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ನಾಣ್ಯದ ಚಲಾವಣೆ ಕಡಮೆಯಾಗಿದ್ದ ಕಾಲದಲ್ಲಿ ಅರಸರು ಸಂಬಳವನ್ನು ಭೂಮಿಯ ರೂಪದಲ್ಲಿ ಕೊಡುತ್ತಿದ್ದರು. ನಮ್ಮ ಶಾಸನಗಳನ್ನು ಓದಿದವರಿಗೆ ಉಂಬಳಿ, ಮಾನ್ಯ, ವೃತ್ತಿ, ಕೊಡಗೆ ಎಂಬ ಮಾತುಗಳು ಹೊಸವಲ್ಲ. ಕೆರೆಯನ್ನು ಕಟ್ಟಿಸಿ ಕಾಪಾಡುವವನಿಗೆ ಕಟ್ಟುಕೊಡಗೆ. ಊರಿಗಾಗಿ ಕಾದಾಡಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಹಳ್ಳಿಯ ಆಡಳಿತವೂ ಇದೇ ತಳಹದಿಯ ಮೇಲೆ ನಿಂತಿತ್ತು. ಗೌಡ ಅಥವಾ ಪಟೇಲ, ಲೆಕ್ಕ ಬರೆಯುವ ಶಾನುಭೋಗ, ಕಾವಲಿನ ತಳವಾರ, ಓಲೆಕಾರಿಕೆಯ ತೋಟಿ, ಗದ್ದೆಗೆ ನೀರು ಬಿಡುವ ನೀರುಗಂಟಿ—ಇವರೆಲ್ಲರಿಗೂ ಊರಿನ ಫಸಲಿನಲ್ಲಿ ಆಯ, ಇಲ್ಲವೇ ಇನಾಮು ಭೂಮಿ ಇರುತ್ತಿತ್ತು. ಮುಂಬಯಿ ಕರ್ನಾಟಕದಲ್ಲಿ ಇದಕ್ಕೆ ವತನವೆಂದು ಹೆಸರು. ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು; ಕೆಲಸದ ಜೊತೆಗೆ ಭೂಮಿಯೂ ಬರುತ್ತಿತ್ತು. ಭೂಮಿ ಯಾರದೋ ಹುದ್ದೆ ಅವರದು, ಹುದ್ದೆ ಯಾರದೋ ಭೂಮಿ ಅವರದು. ಇವೆರಡನ್ನು ಬೇರೆ ಬೇರೆಯಾಗಿ ನೋಡುವ ಅಭ್ಯಾಸವೇ ಜನಕ್ಕೆ ಇರಲಿಲ್ಲ.

ಇಂಗ್ಲಿಷರ ಆಳ್ವಿಕೆ ಬಂದ ಮೇಲೆ ಕಂದಾಯ ವಸೂಲಿಗೆ ಹಳ್ಳಿಯಲ್ಲಿ ಬೇರುಬಿಟ್ಟ ಜನ ಬೇಕಾಗಿತ್ತು. ಆದಕಾರಣ ಅವರು ಈ ಪದ್ಧತಿಯನ್ನು ಕೀಳಲಿಲ್ಲ. ಕಾಯಿದೆಯ ಚೌಕಟ್ಟಿನಲ್ಲಿ ಕೂರಿಸಿದರು. ಮುಂಬಯಿ ಪ್ರಾಂತದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ, ಮದ್ರಾಸಿನಲ್ಲಿ 1895ರ ವಂಶಪಾರಂಪರ್ಯ ಗ್ರಾಮಹುದ್ದೆಗಳ ಕಾಯಿದೆ, ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮಹುದ್ದೆಗಳ ಕಾಯಿದೆ—ಇವು ಮೂರೂ ಹುಟ್ಟಿದ್ದು ಹೀಗೆ. ಕಾಯಿದೆ ಬಂದ ಕೂಡಲೆ ಕಚೇರಿಗಳಿಗೆ ವ್ಯಾಜ್ಯಗಳೂ ಬಂದವು. ಅಣ್ಣತಮ್ಮಂದಿರಲ್ಲಿ ಹುದ್ದೆ ಯಾರಿಗೆ? ದತ್ತುಪುತ್ರನಿಗೆ ಹಕ್ಕುಂಟೇ? ವಾರಸುದಾರ ಇನ್ನೂ ಮಗುವಾಗಿದ್ದರೆ ದಫ್ತರ ನೋಡುವವರು ಯಾರು? ಮದ್ರಾಸಿನ ಕಾಯಿದೆಯಲ್ಲಿ ಇದಕ್ಕೊಂದು ಉತ್ತರವಿತ್ತು: ಮಗುವಿನ ಹೆಸರನ್ನು ವಾರಸುದಾರನೆಂದು ದಾಖಲು ಮಾಡಿ, ಅವನು ಪ್ರಾಪ್ತವಯಸ್ಕನಾಗುವವರೆಗೆ ಬೇರೊಬ್ಬನಿಂದ ಕೆಲಸ ಮಾಡಿಸತಕ್ಕದ್ದು. ಸಾರ್ವಜನಿಕ ಹುದ್ದೆಯೊಂದು ತೊಟ್ಟಿಲಲ್ಲಿ ಮಲಗಿರುವ ಮಗುವಿಗಾಗಿ ಕಾಯುತ್ತಿತ್ತು! ಆ ಕಾಲದ ಜನ ಇದರಲ್ಲಿ ವಿಚಿತ್ರವೇನನ್ನೂ ಕಾಣಲಿಲ್ಲ.

ಈ ಪದ್ಧತಿಯ ಕೆಳತುದಿಯಲ್ಲಿದ್ದವರ ಪಾಡನ್ನೂ ಮರೆಯಬಾರದು. ಪಟೇಲ ಶಾನುಭೋಗರಿಗೆ ವತನವೆಂದರೆ ಮರ್ಯಾದೆ. ಮುಂಬಯಿ ಪ್ರಾಂತದ ಮಹಾರರಿಗಾದರೋ ಅದು ಅಂಗೈಯಗಲದ ನೆಲಕ್ಕೆ ಪ್ರತಿಯಾಗಿ ಹಗಲಿರುಳೆನ್ನದ ಬಿಟ್ಟಿ ದುಡಿಮೆ. ಭೂಮಿಯನ್ನು ಬಿಟ್ಟರೆ ಅನ್ನವಿಲ್ಲ, ಹಿಡಿದರೆ ಬಿಡುಗಡೆಯಿಲ್ಲ. ಡಾಕ್ಟರ್ ಅಂಬೇಡ್ಕರ್ ಅವರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ಕಾಯಿದೆಯನ್ನು ತಿದ್ದಲು ಮಸೂದೆಯೊಂದನ್ನು ಮಂಡಿಸಿದರು. ಅದು ಆಗ ಕಾಯಿದೆಯಾಗಲಿಲ್ಲ. ಆದರೆ ಭೂಮಿಯನ್ನೂ ಹುದ್ದೆಯನ್ನೂ ಒಂದೇ ಹಗ್ಗದಿಂದ ಕಟ್ಟಿದರೆ ಆ ಹಗ್ಗ ಯಾರ ಕೊರಳಿಗೆ ಬೀಳುತ್ತದೆ ಎಂಬುದು ಆ ಮಸೂದೆಯಿಂದ ಬೆಳಕಿಗೆ ಬಂದಿತು.

1950ನೆಯ ಇಸವಿ ಜನವರಿ 26ರಂದು ಭಾರತದ ರಾಜ್ಯಾಂಗ ಜಾರಿಗೆ ಬಂದಿತು. ಅದರ 16ನೆಯ ಅನುಚ್ಛೇದ, ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವಿರಬೇಕೆಂದು ಹೇಳುತ್ತದೆ. ಧರ್ಮ, ಕುಲ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ ಇವುಗಳ ಕಾರಣಮಾತ್ರದಿಂದಲೇ ಯಾರನ್ನೂ ಅನರ್ಹರೆನ್ನಕೂಡದು. ಈ ಪಟ್ಟಿಯಲ್ಲಿ ‘ವಂಶ’ ಎಂಬ ಮಾತನ್ನು ಗಮನಿಸಿ. ಹಳೆಯ ಕಟ್ಟಡದ ಮೂಲೆಗಲ್ಲನ್ನು ಕಿತ್ತದ್ದು ಆ ಒಂದು ಮಾತು. ಆದರೂ ಕಲ್ಲು ಅಲುಗಾಡಲು ಹತ್ತು ವರ್ಷ ಹಿಡಿಯಿತು.

ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ಒಂದು ಗ್ರಾಮವನ್ನು ಎರಡಾಗಿ ವಿಂಗಡಿಸಿದಾಗ ಹೊಸ ಗ್ರಾಮಕ್ಕೆ ಒಬ್ಬ ಮುನ್ಸೀಫನು, ಎಂದರೆ ನಮ್ಮ ಪಟೇಲನಂಥವನು, ಬೇಕಾದನು. ಅರ್ಜಿಗಳು ಬಂದವು. ಕಂದಾಯ ಅಧಿಕಾರಿ ಒಬ್ಬನನ್ನು ಆರಿಸಿದರು. ಆದರೆ ಕಲೆಕ್ಟರರು ಆ ನೇಮಕವನ್ನು ರದ್ದು ಮಾಡಿ, ಹಳೆಯ ಮುನ್ಸೀಫನ ಮನೆತನದವನಿಗೆ ಹುದ್ದೆಯನ್ನು ಕೊಟ್ಟರು. ಕಾರಣ, 1895ರ ಕಾಯಿದೆಯ 6ನೆಯ ಕಲಮು ಹಾಗೆಂದು ವಿಧಿಸಿತ್ತು. ಹುದ್ದೆ ಕಳೆದುಕೊಂಡವನು ಸುಪ್ರೀಂ ಕೋರ್ಟಿಗೆ ಹೋದನು. ವಕೀಲರು ದಶರಥ ರಾಮರಾವ್ ಪ್ರಕರಣವೆಂದು ಕರೆಯುವ ಆ ಮೊಕದ್ದಮೆಯ ತೀರ್ಪು 1960ರ ಡಿಸೆಂಬರಿನಲ್ಲಿ ಬಂದಿತು. ಗ್ರಾಮದ ಹುದ್ದೆಯೂ ಸರ್ಕಾರದ ಅಧೀನದ ಹುದ್ದೆಯೇ. ವಂಶವೊಂದನ್ನೇ ನೋಡಿ ಅದನ್ನು ಕೊಡುವ ಕಾಯಿದೆ ರಾಜ್ಯಾಂಗಕ್ಕೆ ವಿರುದ್ಧವಾದದ್ದು. ಆದ್ದರಿಂದ ಅಷ್ಟರಮಟ್ಟಿಗೆ ಅದು ಅಸಿಂಧು—ಇದು ತೀರ್ಪಿನ ಸಾರ. ಒಂದು ಸಣ್ಣ ಹಳ್ಳಿಯ ಹುದ್ದೆಗಾಗಿ ನಡೆದ ಜಗಳದಲ್ಲಿ ಶತಮಾನಗಳ ಪದ್ಧತಿಯೊಂದರ ಬುಡ ಕಡಿಯಿತು.

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಶಾಸನಸಭೆಯೇ ಮಾಡಿತು. 1956ರಲ್ಲಿ ಏಕೀಕರಣವಾದಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಐದು ಆಡಳಿತಗಳಿಂದ ಬಂದ ಗ್ರಾಮಪದ್ಧತಿಗಳು ಒಂದೆಡೆ ಸೇರಿದವು. 1961ರ ಮೈಸೂರು ಗ್ರಾಮಹುದ್ದೆಗಳ ರದ್ದಿಯಾತಿ ಕಾಯಿದೆ 1963ನೆಯ ಇಸವಿ ಫೆಬ್ರವರಿ 1ರಿಂದ ಜಾರಿಗೆ ಬಂದು, ಪಟೇಲಿಕೆ ಶಾನುಭೋಗಿಕೆಗಳು ಒಂದೇ ದಿನ ಕೊನೆಗೊಂಡವು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಹುದ್ದೆ ಕಳೆದುಕೊಂಡವರು ಸುಮ್ಮನಿರಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದರು. 1966ರಲ್ಲಿ ಆ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. ಮುಂದೆ ತಮಿಳುನಾಡು, ಆಂಧ್ರಪ್ರದೇಶಗಳಲ್ಲಿಯೂ ಗ್ರಾಮಾಧಿಕಾರಿಗಳ ಹುದ್ದೆಗಳು ರದ್ದಾದಾಗ 1982ರಲ್ಲಿ, 1985ರಲ್ಲಿ ಇಂಥವೇ ತೀರ್ಪುಗಳು ಬಂದವು.

ಮೈಸೂರಿನ ಕಾಯಿದೆಯಲ್ಲಿ ಒಂದು ವಿವೇಕದ ಮಾತಿತ್ತು. ಅದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಹುದ್ದೆ ಹೋಯಿತು, ಆದರೆ ಹುದ್ದೆಗೆ ಅಂಟಿದ್ದ ಭೂಮಿ? ಅದನ್ನು ಸರ್ಕಾರ ಮೊದಲು ವಶಕ್ಕೆ ತೆಗೆದುಕೊಂಡು, ಗೊತ್ತುಪಡಿಸಿದ ಹಣವನ್ನು ಕಟ್ಟಿಸಿಕೊಂಡು, ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಬೇಕೆಂದು ಕಾಯಿದೆ ಹೇಳಿತು. ತೋಟಿ ತಳವಾರರ ಮನೆಗಳಲ್ಲಿ ಇಂದಿಗೂ ಜೋಪಾನವಾಗಿರುವ ಎಷ್ಟೋ ಪತ್ರಗಳು ಆ ಮರುಮಂಜೂರಾತಿಯವು. ಬಡವರ ಕೈಯಿಂದ ಆ ಭೂಮಿ ಜಾರಿಹೋಗದಂತೆ ಪರಭಾರೆಯ ಮೇಲಿನ ನಿರ್ಬಂಧವನ್ನು 1978ರ ತಿದ್ದುಪಡಿ ಬಿಗಿಗೊಳಿಸಿತು. ಆ ನಿರ್ಬಂಧವನ್ನು ಮೀರಿದ ಕ್ರಯಪತ್ರಗಳ ವ್ಯಾಜ್ಯ ನಮ್ಮ ನ್ಯಾಯಾಲಯಗಳಿಗೆ ಚಿರಪರಿಚಿತ. ಅದೇನೇ ಇರಲಿ, ಭೂಮಿ ಹುದ್ದೆಗಳ ಗಂಟನ್ನು ಬಿಚ್ಚುವಾಗ ಎರಡನ್ನೂ ಬೇರೆ ಬೇರೆ ತೂಗಬೇಕೆಂಬ ನೀತಿ ಅಲ್ಲಿತ್ತು. ಹುದ್ದೆಯನ್ನು ಎಲ್ಲ ಪ್ರಜೆಗಳಿಗೂ ತೆರೆದಿಡು. ಭೂಮಿಯ ಲೆಕ್ಕವನ್ನು ಮಾತ್ರ ಭೂಮಿಯವನ ಜೊತೆ ಮುಗಿಸು.

ಇಷ್ಟು ಕಷ್ಟಪಟ್ಟು ಬಿಚ್ಚಿದ ಗಂಟು ಮತ್ತೆ ಬಿದ್ದದ್ದು ಹೇಗೆ?

ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೂಲೆ ಮೂಲೆಗೆ ಶಾಲೆ, ಔಷಧಾಲಯ, ರಸ್ತೆ, ನೀರಿನ ತೊಟ್ಟಿ ಬೇಕಾದವು. ಇವೆಲ್ಲಕ್ಕೂ ನೆಲ ಬೇಕು. 1894ರ ಭೂಸ್ವಾಧೀನ ಕಾಯಿದೆಯಂತೆ ನೆಲವನ್ನು ಕೊಳ್ಳಲು ಹಣವೂ ಬೇಕು, ಕಾಲವೂ ಬೇಕು. ಉದಾರಿಗಳಿಗೇನೂ ನಮ್ಮಲ್ಲಿ ಕೊರತೆಯಿರಲಿಲ್ಲ. 1951ನೆಯ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರ ಮುಂದೆ ಭೂರಹಿತರು 80 ಎಕರೆ ಬೇಕೆಂದಾಗ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುತ್ತೇನೆಂದು ಎದ್ದುನಿಂತರು; ಭೂದಾನ ಚಳವಳಿ ಹುಟ್ಟಿತು. ನಮ್ಮ ಹಳ್ಳಿಗಳ ಶಾಲೆಗಳ ಗೋಡೆಯ ಮೇಲೆ ದಾನಿಗಳ ಹೆಸರುಳ್ಳ ಕಲ್ಲುಗಳನ್ನು ನೀವೂ ಕಂಡಿದ್ದೀರಿ. ಅವರು ಪ್ರತಿಫಲ ಬೇಡಿದವರಲ್ಲ.

ಆದರೆ ಒಂದೆರಡು ಎಕರೆಯನ್ನೇ ನೆಚ್ಚಿದ ರೈತನಿಂದ ಪ್ರತಿಫಲವಿಲ್ಲದ ದಾನವನ್ನು ಬಯಸುವುದು ಎಷ್ಟು ಸರಿ? ಇಲಾಖೆಯ ಕೈಯಲ್ಲಿ ಹಣವಿಲ್ಲ. ಹೊಸ ಕಟ್ಟಡಕ್ಕೆ ಕಾವಲುಗಾರ, ಜವಾನ, ಆಯಾ ಇವರಂತೂ ಬೇಕೇ ಬೇಕು. ‘ಭೂಮಿಯ ಬೆಲೆಗೆ ಬದಲಾಗಿ ಆ ಹುದ್ದೆಯನ್ನೇ ಕೊಟ್ಟರಾಯಿತು’ ಎಂಬ ಉಪಾಯ ಹೊಳೆಯುವುದು ಸಹಜ. ನಾಗಾಲ್ಯಾಂಡ್, ಮಣಿಪುರದ ಗುಡ್ಡಗಾಡು ಇಂಥ ಕಡೆಗಳಲ್ಲಿ ಈ ಉಪಾಯ ಬಹುಮಟ್ಟಿಗೆ ರೂಢಿಯೇ ಆಯಿತು. ಅಲ್ಲಿಯ ಸ್ಥಿತಿ ಬೇರೆ. ಭೂಮಿ ಸರ್ಕಾರದ್ದಲ್ಲ, ಹಳ್ಳಿಯದು, ಕುಲದ್ದು, ಮನೆತನದ್ದು. 1962ರ ತಿದ್ದುಪಡಿಯಿಂದ ರಾಜ್ಯಾಂಗಕ್ಕೆ ಸೇರಿದ 371-ಎ ಅನುಚ್ಛೇದದಂತೆ, ಭೂಮಿಯ ಒಡೆತನ ವರ್ಗಾವಣೆಗಳ ಬಗ್ಗೆ ಸಂಸತ್ತು ಮಾಡಿದ ಕಾಯಿದೆ ನಾಗಾಲ್ಯಾಂಡಿನ ವಿಧಾನಸಭೆ ಒಪ್ಪದ ಹೊರತು ಅಲ್ಲಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಶಾಲೆಗೆ ಭೂಮಿ ಬೇಕಾದರೆ ಒಡೆಯರ ಮನವೊಲಿಸಬೇಕು. ಮನವೊಲಿಸಲು ನಾಲ್ಕನೆಯ ದರ್ಜೆಯ ಒಂದು ಹುದ್ದೆ ಸುಲಭದ ಸಾಧನವಾಯಿತು.

ಆ ಮೇಲಿನ ಪ್ರಶ್ನೆಗಳನ್ನು ನೀವೇ ಊಹಿಸಬಲ್ಲಿರಿ. ಭೂಮಿ ಇಡೀ ಕುಲದ್ದಾದರೆ ಹುದ್ದೆ ಯಾರ ಮಗನಿಗೆ? ಅಣ್ಣ ಸಹಿ ಹಾಕಿದ, ತಮ್ಮನ ಪಾಲೂ ಅದರಲ್ಲಿತ್ತು, ತಮ್ಮನಿಗೇನು? ಕೆಲಸಕ್ಕೆ ಸೇರಿದವನು ನಿವೃತ್ತನಾದ ಮೇಲೆ, ‘ಭೂಮಿ ಇನ್ನೂ ನಿಮ್ಮಲ್ಲೇ ಇದೆಯಲ್ಲ, ಹುದ್ದೆಯೂ ನಮ್ಮ ಮನೆಯಲ್ಲೇ ಇರಲಿ’ ಎಂದರೆ? ಈ ಪ್ರಶ್ನೆಗಳನ್ನು ಎಲ್ಲಿಯೋ ಕೇಳಿದಂತಿದೆಯಲ್ಲವೇ? ಹೌದು, ಇವು 1874ರ, 1895ರ ಹಳೆಯ ಪ್ರಶ್ನೆಗಳೇ. ಹೆಬ್ಬಾಗಿಲಿನಿಂದ ಕಳುಹಿಸಿದ ವತನ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದೆ. ಅಂದು ಅರಸನು ಭೂಮಿ ಕೊಟ್ಟು ಕೆಲಸ ಪಡೆಯುತ್ತಿದ್ದ. ಇಂದು ರೈತನು ಭೂಮಿ ಕೊಟ್ಟು ಕೆಲಸ ಪಡೆಯುತ್ತಾನೆ. ವ್ಯತ್ಯಾಸವಿರುವುದು ಇಷ್ಟೇ.

ಇಂಥ ವ್ಯಾಜ್ಯ ಬಂದಾಗ ನ್ಯಾಯಾಧೀಶರ ಮುಂದೆ ಇರುವ ಕಾನೂನು ಯಾವುದು? ಒಂದೊಂದಾಗಿ ನೋಡೋಣ.

ಮೊದಲನೆಯದು ದಾನದ ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 122ನೆಯ ಕಲಮಿನಂತೆ, ದಾನವೆಂದರೆ ತಾನಾಗಿ, ಪ್ರತಿಫಲವಿಲ್ಲದೆ ಕೊಟ್ಟದ್ದು. ಹುದ್ದೆಗಾಗಿ ಕೊಟ್ಟೆನೆಂದು ರೈತನು ಹೇಳಿದರೆ ಅದು ದಾನವೇ ಅಲ್ಲ. ಹೇಳದಿದ್ದರೆ ಅವನಿಗೆ ಹಕ್ಕಿಲ್ಲ. ತನ್ನ ಸಹಿಯಿರುವ ದಾನಪತ್ರವೇ ಅವನ ಎದುರಾಳಿಯಾಗಿ ನಿಲ್ಲುತ್ತದೆ.

ಎರಡನೆಯದು ಕರಾರಿನ ಕಾನೂನು. ‘ದಾನವಲ್ಲ, ಕರಾರು’ ಎಂದರೆ? 1872ರ ಕರಾರು ಕಾಯಿದೆಯ 23ನೆಯ ಕಲಮಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಇಲ್ಲಿಗೆಂದೇ ಬರೆದಂತಿದೆ: ಒಬ್ಬನು ಮತ್ತೊಬ್ಬನಿಗೆ ಸರ್ಕಾರಿ ನೌಕರಿ ಕೊಡಿಸುವೆನೆಂದೂ, ಅವನು ಇವನಿಗೆ ಸಾವಿರ ರೂಪಾಯಿ ಕೊಡುವೆನೆಂದೂ ಒಪ್ಪಿಕೊಂಡರೆ ಆ ಒಪ್ಪಂದ ಶೂನ್ಯ. ರೂಪಾಯಿಯ ಬದಲು ಎಕರೆಯಾದರೂ ನೌಕರಿ ಮಾರಾಟದ ಸರಕಾಗಲಾರದು.

ಮೂರನೆಯದು ಕೊಟ್ಟ ಮಾತಿನ ಕಾನೂನು. ಸರ್ಕಾರ ಕೊಟ್ಟ ಭರವಸೆಯನ್ನು ನಂಬಿ ಒಬ್ಬನು ತನ್ನ ಸ್ಥಿತಿಯನ್ನು ಬದಲಾಯಿಸಿಕೊಂಡರೆ ಸರ್ಕಾರ ಮಾತಿಗೆ ತಪ್ಪಕೂಡದೆಂದು, ಸಕ್ಕರೆ ಕಾರ್ಖಾನೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಹೇಳಿತು. ಭೂಮಿ ಕೊಟ್ಟವರ ವಕೀಲರಿಗೆ ಇದು ಒಳ್ಳೆಯ ಆಧಾರ. ಆದರೆ ಕಾನೂನಿಗೆ ವಿರುದ್ಧವಾದ ಮಾತನ್ನು ಉಳಿಸಿಕೊಳ್ಳೆಂದು ಯಾವ ನ್ಯಾಯಾಲಯವೂ ಸರ್ಕಾರವನ್ನು ಬಲವಂತಪಡಿಸದು.

ನಾಲ್ಕನೆಯದೂ ಎಲ್ಲಕ್ಕಿಂತ ಗಟ್ಟಿಯಾದುದೂ ರಾಜ್ಯಾಂಗದ 16ನೆಯ ಅನುಚ್ಛೇದ. ಪೊಲೀಸರ ಮಕ್ಕಳಿಗೆ ಪೊಲೀಸ್ ನೇಮಕದಲ್ಲಿ ಕೊಟ್ಟಿದ್ದ ವಿಶೇಷ ರಿಯಾಯಿತಿಯನ್ನು ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಒಪ್ಪಲಿಲ್ಲ. ಅದೂ ವಂಶದ ಆಧಾರವೇ ಎಂದಿತು. ಕರ್ನಾಟಕದ ದಿನಗೂಲಿ ನೌಕರರಿಂದ ಆರಂಭವಾಗಿ ಉಮಾದೇವಿ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2006ನೆಯ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ಪ್ರಕಟಣೆಯಿಲ್ಲದೆ, ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂಬುದು ಅಲ್ಲಿಯ ತತ್ತ್ವ. ಸೇವೆಯಲ್ಲಿರುವಾಗಲೇ ಮಡಿದ ನೌಕರನ ಕುಟುಂಬಕ್ಕೆ ಅನುಕಂಪದ ನೇಮಕವುಂಟು. ಆದರೆ ಅದು ಹಸಿವಿನ ಹೊತ್ತಿನ ಅಪವಾದವೇ ಹೊರತು ಆಸ್ತಿಯ ಹಕ್ಕಲ್ಲ ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ.

‘ಹಾಗಾದರೆ ಅಣೆಕಟ್ಟಿಗೆ, ಕಾರ್ಖಾನೆಗೆ ಭೂಮಿ ಕಳೆದುಕೊಂಡವರಿಗೆ ಕೆಲಸ ಕೊಡುತ್ತಾರಲ್ಲ?’ ಎಂದು ನೀವು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಅಲ್ಲಿ ಭೂಮಿ ಹೋಗುವುದು ಕಾಯಿದೆಯ ಮೂಲಕ. ಪರಿಹಾರವೂ ಕಾಯಿದೆಯ ಮೂಲಕ. ರೂರ್ಕೇಲಾ ಉಕ್ಕಿನ ಕಾರ್ಖಾನೆಗಾಗಿ ನೆಲೆ ಕಳೆದುಕೊಂಡವರ ಪ್ರಕರಣದಲ್ಲಿಯೂ, ಪರಿಹಾರ ಕೊಟ್ಟ ಮೇಲೆ ಉದ್ಯೋಗವನ್ನು ಮೂಲಭೂತ ಹಕ್ಕೆಂದು ಕೇಳಲಾಗದೆಂದು 1995ರಲ್ಲಿ ತೀರ್ಪಾಯಿತು. 2014ರಿಂದ ಜಾರಿಯಲ್ಲಿರುವ 2013ರ ಹೊಸ ಭೂಸ್ವಾಧೀನ ಕಾಯಿದೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಯೋಜನೆಯಿಂದ ಉದ್ಯೋಗ ಹುಟ್ಟುವ ಕಡೆ ಬಾಧಿತ ಕುಟುಂಬದ ಒಬ್ಬರಿಗೆ ಕೆಲಸ, ಇಲ್ಲವೇ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷಗಳ ಕಾಲ ತಿಂಗಳಿಗೆ 2,000 ರೂಪಾಯಿಗೆ ಕಡಮೆಯಿಲ್ಲದ ವರ್ಷಾಶನ—ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವುಂಟು. ಇದು ಭೂಮಿಯ ಬೆಲೆಗೆ ಹೆಚ್ಚಿನದು, ಬೆಲೆಗೆ ಬದಲಾದದ್ದಲ್ಲ. ದಾನ ಕೊಟ್ಟವನಿಗಾದರೋ ಬೆಲೆಯೂ ಇಲ್ಲ, ಆಯ್ಕೆಯೂ ಇಲ್ಲ.

ಇನ್ನೊಂದು ಬಗೆಯ ಆಪಾದನೆಯನ್ನೂ ಇದರೊಡನೆ ಬೆರೆಸಬಾರದು. 2004ರಿಂದ 2009ರವರೆಗಿನ ಅವಧಿಯಲ್ಲಿ ರೈಲ್ವೆಯ ಕೆಳದರ್ಜೆಯ ಕೆಲಸಗಳಿಗೆ ಬದಲಾಗಿ ಅಧಿಕಾರದಲ್ಲಿದ್ದವರ ಕಡೆಯವರಿಗೆ ಭೂಮಿ ಬರೆಸಿಕೊಳ್ಳಲಾಯಿತೆಂದು ಸಿ.ಬಿ.ಐ. 2022ರಲ್ಲಿ ಮೊಕದ್ದಮೆ ಹೂಡಿತು. ಆಪಾದಿತರು ಅದನ್ನು ಅಲ್ಲಗಳೆದಿದ್ದಾರೆ. ಅಲ್ಲಿಯ ಪ್ರಶ್ನೆ ಲಂಚದ್ದು. ಶಾಲೆಗೆ ಭೂಮಿ ಕೊಟ್ಟ ರೈತನು ಯಾರ ಜೇಬನ್ನೂ ತುಂಬಿಸಿದವನಲ್ಲ. ಅವನ ನೆಲದ ಮೇಲೆ ಊರಿನ ಮಕ್ಕಳು ಕುಳಿತು ಓದುತ್ತಿದ್ದಾರೆ. ಅವನನ್ನು ಅಪರಾಧಿಯಂತೆ ನೋಡುವುದು ಕ್ರೌರ್ಯವಾದೀತು.

ಹಾಗಿದ್ದರೆ ಅವನ ಪಾಲಿಗೆ ನ್ಯಾಯವೇ ಇಲ್ಲವೇ? ಇದೆ. ಆದರೆ ಅದು ಅವನು ಹುಡುಕುತ್ತಿರುವ ಕಡೆ ಇಲ್ಲ. ಅವನು ಹುದ್ದೆಯ ಬಾಗಿಲನ್ನು ತಟ್ಟುತ್ತಾನೆ. ನ್ಯಾಯವಿರುವುದು ಭೂಮಿಯ ಬಾಗಿಲಿನಲ್ಲಿ. ಒಪ್ಪಂದ ಶೂನ್ಯವೆಂದು ಕಂಡುಬಂದಾಗ ಅದರಿಂದ ಲಾಭ ಪಡೆದವನು ಆ ಲಾಭವನ್ನು ಹಿಂತಿರುಗಿಸಬೇಕೆಂದು ಕರಾರು ಕಾಯಿದೆಯ 65ನೆಯ ಕಲಮು ಹೇಳುತ್ತದೆ. ಅಕ್ರಮವೆಂದು ತಿಳಿದೇ ಒಪ್ಪಂದಕ್ಕೆ ಇಳಿದವನಿಗೆ ಆ ಕಲಮು ಸುಲಭವಾಗಿ ಒದಗುವುದಿಲ್ಲವೆಂಬುದು ನಿಜ. ಆದರೆ ರಾಜ್ಯಾಂಗದ 300-ಎ ಅನುಚ್ಛೇದವಿದೆ. ಆಸ್ತಿಯ ಹಕ್ಕು 1979ರಿಂದ ಮೂಲಭೂತ ಹಕ್ಕಾಗಿ ಉಳಿದಿಲ್ಲ. ಆದರೂ ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳಕೂಡದೆಂಬ ಈ ವಿಧಿ ಉಳಿದಿದೆ.

ಇದರ ಬಲವೆಷ್ಟೆಂದು ಹಿಮಾಚಲ ಪ್ರದೇಶದ ಒಂದು ಪ್ರಕರಣ ತೋರಿಸಿತು. ಹಮೀರಪುರ ಜಿಲ್ಲೆಯಲ್ಲಿ ಓದುಬರಹ ಬಾರದ ವಿಧವೆಯೊಬ್ಬರ ಭೂಮಿಯನ್ನು 1967-68ರಲ್ಲಿ ಸರ್ಕಾರ ರಸ್ತೆಗಾಗಿ ತೆಗೆದುಕೊಂಡಿತ್ತು. ಸ್ವಾಧೀನದ ಕ್ರಮವನ್ನೂ ಅನುಸರಿಸಲಿಲ್ಲ, ಕಾಸನ್ನೂ ಕೊಡಲಿಲ್ಲ. ವರ್ಷಗಳು ಉರುಳಿದ ಮೇಲೆ ಆಕೆ ಕೇಳಿದಾಗ, ‘ನೀವು ಬಾಯಿಮಾತಿನಲ್ಲಿ ಒಪ್ಪಿದ್ದಿರಿ’ ಎಂದೂ, ‘ಇಷ್ಟು ಕಾಲ ನಮ್ಮ ಅನುಭವದಲ್ಲಿದ್ದುದರಿಂದ ಭೂಮಿ ನಮ್ಮದೇ’ ಎಂದೂ ಸರ್ಕಾರ ವಾದಿಸಿತು. 2020ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ಎರಡು ವಾದಗಳನ್ನೂ ತಳ್ಳಿಹಾಕಿತು. ಪ್ರಜೆಯ ಆಸ್ತಿಯನ್ನು ದೀರ್ಘಕಾಲದ ಅನುಭವದ ನೆಪದಲ್ಲಿ ನುಂಗುವುದು ಕಲ್ಯಾಣರಾಜ್ಯಕ್ಕೆ ತಕ್ಕುದಲ್ಲವೆಂದು ಹೇಳಿ ಪರಿಹಾರ ಕೊಡಿಸಿತು. ಆಗ ಆಕೆಗೆ 80 ವರ್ಷ. ಅರ್ಧ ಶತಮಾನ ತಡವಾಗಿಯಾದರೂ ‘ಬಾಯಿಮಾತಿನ ಒಪ್ಪಿಗೆ’ ಎಂಬ ಸರ್ಕಾರಿ ಮಂತ್ರಕ್ಕೆ ಅಲ್ಲಿ ಪ್ರತಿಮಂತ್ರ ಸಿಕ್ಕಿತು.

ಈಗ ನಾವು ಮೊದಲಿನ ಪ್ರಶ್ನೆಗೆ ಮರಳೋಣ. ಭೂಮಿ ಕೊಟ್ಟವನೂ ಭೂಮಿಯಿಲ್ಲದವನೂ ಎದುರಾಳಿಗಳಾಗಿ ನಿಂತರೆಂದೆವಷ್ಟೆ. ನಿಜವಾಗಿ ಇವರಿಬ್ಬರಿಗೂ ಜಗಳವಿಲ್ಲ. ಇಬ್ಬರನ್ನೂ ಜಗಳಕ್ಕೆ ಇಳಿಸಿದ್ದು, ನೆಲದ ಬೆಲೆ ಕೊಡದೆ ಕಟ್ಟಡ ಎಬ್ಬಿಸಿದ ಆಡಳಿತದ ಉಳಿತಾಯ. ಆ ಉಳಿತಾಯದ ಅರ್ಧವನ್ನು ರೈತನು ತನ್ನ ಎಕರೆಯಿಂದ ತೆತ್ತ. ಉಳಿದರ್ಧವನ್ನು ತೆತ್ತವಳು, ಏಳನೆಯ ತರಗತಿಯನ್ನೋ ಹತ್ತನೆಯದನ್ನೋ ಮುಗಿಸಿ ಅದೇ ಶಾಲೆಯ ಆಯಾ ಕೆಲಸಕ್ಕೆ ಅರ್ಜಿ ಹಾಕಲು ಕಾದಿದ್ದ ಕೂಲಿಯವನ ಮಗಳು. ಆಕೆಯ ಹೆಸರು ಕಡತದಲ್ಲಿ ಬರುವುದೇ ಇಲ್ಲ, ಏಕೆಂದರೆ ಅರ್ಜಿಯನ್ನೇ ಕರೆಯಲಿಲ್ಲ. 16ನೆಯ ಅನುಚ್ಛೇದ ಕಾಯುವುದು ಕಡತದಲ್ಲಿ ಕಾಣದ ಆ ಹೆಸರನ್ನು. ಹಳೆಯ ಉಂಬಳಿಯ ಕಾಲದಲ್ಲಿಯೂ ಭೂಮಿ ಹುದ್ದೆ ಎರಡೂ ಒಂದೇ ಮನೆಯಲ್ಲಿ ಸೇರುತ್ತಿದ್ದವು; ಎರಡೂ ಇಲ್ಲದವರು ಹೊರಗೆ ನಿಲ್ಲುತ್ತಿದ್ದರು. ಆ ಕಾಲಕ್ಕೆ ನಾವು ಮರಳಿ ಹೋಗಬಾರದು.

ಭೂಮಿಯ ಲೆಕ್ಕ ಭೂಮಿಯವನೊಡನೆ, ಹುದ್ದೆಯ ಲೆಕ್ಕ ಎಲ್ಲ ಪ್ರಜೆಗಳೊಡನೆ ಎಂಬ 1961ರ ಆ ನೀತಿ ಇಲ್ಲಿಯೂ ಸಲ್ಲುತ್ತದೆ. ಸರ್ಕಾರಕ್ಕೆ ನೆಲ ಬೇಕಾದರೆ ಬೆಲೆ ಕೊಡಲಿ; ಈಗ ಕೊಡಲಾಗದಿದ್ದರೆ ಇಂಥ ದಿನ ಕೊಡುತ್ತೇನೆಂದು ಬರೆದುಕೊಡಲಿ. ಹುದ್ದೆಯನ್ನು ಮಾತ್ರ ನಾಣ್ಯವಾಗಿ ಚಲಾಯಿಸದಿರಲಿ.

ಓದುಗರಲ್ಲಿ ಊರಿಗೆ ಭೂಮಿ ಕೊಡುವ ಮನಸ್ಸುಳ್ಳವರು ಇದ್ದರೆ ಅವರಿಗೆ ಕೆಲವು ಮಾತು. ದಾನವಾದರೆ ದಾನವೆಂದೇ ಬರೆಯಿರಿ, ಇಬ್ಬರು ಸಾಕ್ಷಿಗಳ ರುಜುವಿನೊಡನೆ ನೋಂದಾಯಿಸಿರಿ. ಬಾಯಿಮಾತಿನಲ್ಲಿ ಕೊಟ್ಟುಬಿಟ್ಟರೆ ಮೊಮ್ಮಕ್ಕಳ ಕಾಲದಲ್ಲಿ ಶಾಲೆಯ ಅಂಗಳಕ್ಕೆ ಬೇಲಿ ಬೀಳುತ್ತದೆ; ಅಂಥ ವ್ಯಾಜ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಾಲೆಯನ್ನು ಕಟ್ಟದೆ ಹೋದರೆ ಭೂಮಿ ಮರಳಬೇಕೆಂಬ ಷರತ್ತನ್ನು ಎರಡೂ ಕಡೆಯವರು ಒಪ್ಪಿ ಬರೆಯಿರಿ. ಕೊಡುವವನ ಇಚ್ಛೆಗೆ ಒಳಪಡದ ಘಟನೆಯ ಮೇಲೆ ಅಂಥ ಷರತ್ತು ಹಾಕುವುದಕ್ಕೆ 1882ರ ಕಾಯಿದೆಯ 126ನೆಯ ಕಲಮಿನಲ್ಲಿ ಎಡೆಯಿದೆ. ದಾನ ಕೊಡುವ ಶಕ್ತಿ ಇಲ್ಲದಿದ್ದರೆ ನಾಚಿಕೆಪಡದೆ ಬೆಲೆ ಕೇಳಿರಿ. ಯಾರಾದರೂ, ‘ಬೆಲೆಯೇಕೆ, ನಿಮ್ಮ ಹುಡುಗನಿಗೊಂದು ಕೆಲಸ ಹಾಕಿಕೊಡೋಣ’ ಎಂದರೆ, ಆ ಕೆಲಸ ಹೇಳುವವರ ಮನೆಯದಲ್ಲವೆಂಬುದನ್ನು ನೆನೆಯಿರಿ. ತಮ್ಮದಲ್ಲದ್ದನ್ನು ಕೊಡುತ್ತೇನೆಂದವರ ಮಾತಿನ ಮೇಲೆ ನಿಮ್ಮದಾದದ್ದನ್ನು ಬಿಟ್ಟುಕೊಡಬೇಡಿ. ಹುಡುಗನು ಎಲ್ಲರೊಡನೆ ಅರ್ಜಿ ಹಾಕಿ ಆ ಕೆಲಸವನ್ನು ಪಡೆದರೆ ಅದನ್ನು ಅವನಿಂದ ಕಿತ್ತುಕೊಳ್ಳಲು ಯಾವ ಕೋರ್ಟಿಗೂ ಕಾರಣವಿರುವುದಿಲ್ಲ.